ಎರಡು ಚೌಕಗಳ ಕಥೆ

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದಲ್ಲಿ, ಲಫಾಯೆಟ್ ಬೀದಿಯೂ ಕೆನ್ಮೇರ್ ಬೀದಿಯೂ ಕೂಡುವೆಡೆ ಒಂದು ಪುಟ್ಟ ತ್ರಿಕೋನ ಉದ್ಯಾನವಿದೆ. ದಾರಿಹೋಕರು ಒಂದೇ ನಿಮಿಷದಲ್ಲಿ ಅದನ್ನು ದಾಟಿಬಿಡುತ್ತಾರೆ. ೧೯೮೭ರಲ್ಲಿ ಈ ಚೌಕಕ್ಕೆ ಜೋಸೆಫ್ ಪೆಟ್ರೋಸಿನೋ ಎಂಬ ಪೋಲೀಸ್ ಅಧಿಕಾರಿಯ ಹೆಸರನ್ನಿಟ್ಟರು. ಆತ ಯಾರೆಂದು ತಿಳಿಯಬೇಕಾದರೆ ಪೂರ್ವಕ್ಕೆ ಸ್ವಲ್ಪ ನಡೆದು ಮಲ್ಬರಿ ಬೀದಿಯನ್ನು ಸೇರಬೇಕು.

ಇಂದು ಅಲ್ಲಿ ಪ್ರವಾಸಿಗರನ್ನು ಕರೆಯುವ ಊಟದ ಮನೆಗಳಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಾದರೋ ಅದು ಹೊಟ್ಟೆಪಾಡಿಗಾಗಿ ಕಡಲು ದಾಟಿ ಬಂದ ಇಟಲಿಯವರ ಇಕ್ಕಟ್ಟಾದ ಕೇರಿ. ಹಣ್ಣು ಮಾರಿಯೋ ರೊಟ್ಟಿ ಸುಟ್ಟೋ ನಾಲ್ಕು ಕಾಸು ಕೂಡಿಟ್ಟವನ ಮನೆಗೆ ಒಂದು ದಿನ ಕಾಗದ ಬರುತ್ತಿತ್ತು. ಇಷ್ಟು ಹಣವನ್ನು ಇಂಥಲ್ಲಿ ತಂದಿಡಬೇಕು; ತಪ್ಪಿದರೆ ಅಂಗಡಿಗೆ ಬಾಂಬು, ಇಲ್ಲವೇ ಮಗುವಿನ ಅಪಹರಣ. ಕೆಳಗೆ ಸಹಿಯ ಬದಲು ಮಸಿಯಲ್ಲಿ ಬರೆದ ಒಂದು ಕೈ. ಈ 'ಕರಿಯ ಕೈ' ಒಂದೇ ದೊಡ್ಡ ಸಂಘವಾಗಿರಲಿಲ್ಲ. ಅನೇಕ ಸಣ್ಣ ತಂಡಗಳು ಬಳಸಿಕೊಂಡ ಹೆಸರು ಅದು. ಆ ತಂಡಗಳನ್ನು ಕಾಪಾಡಿದುದು ಕೇರಿಯ ಮೌನ. ಪೋಲೀಸರಲ್ಲಿ ಹೆಚ್ಚಿನವರು ಐರಿಷ್ ಮೂಲದವರು. ಅವರಿಗೆ ಈ ಜನರ ನುಡಿ ತಿಳಿಯದು, ಈ ಜನಕ್ಕೆ ಅವರಲ್ಲಿ ನಂಬಿಕೆಯಿಲ್ಲ.

ಪೆಟ್ರೋಸಿನೋ ಆ ಜನರಲ್ಲೇ ಒಬ್ಬ. ೧೮೬೦ರಲ್ಲಿ ದಕ್ಷಿಣ ಇಟಲಿಯ ಪಾದುಲಾ ಎಂಬ ಊರಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ನ್ಯೂಯಾರ್ಕಿಗೆ ಬಂದವನು. ಬೀದಿ ಗುಡಿಸಿ ಬದುಕಿ, ೧೮೮೩ರಲ್ಲಿ ಪೋಲೀಸ್ ಪಡೆಯನ್ನು ಸೇರಿದವನು. ೧೯೦೪ರಲ್ಲಿ ಇಟಾಲಿಯನ್ ಬಲ್ಲ ಪತ್ತೇದಾರರ ಒಂದು ಪ್ರತ್ಯೇಕ ತಂಡ ಆತನ ಮುಂದಾಳುತನದಲ್ಲಿ ಹುಟ್ಟಿತು. ಮೊದಲಿಗೆ ಆತನ ಕೈಕೆಳಗೆ ಇದ್ದವರು ಐವರು ಮಾತ್ರ. ವೇಷ ಮರೆಸಿಕೊಂಡು ಕೇರಿಯಲ್ಲಿ ಅಲೆಯುವುದು, ಬೆದರಿಕೆಯ ಕಾಗದಗಳನ್ನು ಓದಿ ಸುಳಿವು ಹಿಡಿಯುವುದು, ಎಲ್ಲಕ್ಕಿಂತ ಕಷ್ಟವಾಗಿ, ಅಂಜಿದವರ ಬಾಯಿಂದ ಸಾಕ್ಷಿ ಹೇಳಿಸುವುದು ಅವರ ಕೆಲಸವಾಯಿತು.

ಹಿಂದೆ ತಮ್ಮ ದೇಶದಲ್ಲಿ ಶಿಕ್ಷೆಗೊಳಗಾದವರನ್ನು, ಅವರು ಬಂದು ಮೂರು ವರ್ಷ ತುಂಬುವುದರೊಳಗಾದರೆ, ಹಿಂದಕ್ಕೆ ಕಳುಹಿಸಲು ೧೯೦೭ರ ಕಾಯಿದೆ ಅವಕಾಶವಿತ್ತಿತು. ಅದಕ್ಕೆ ಬೇಕಾದ ದಾಖಲೆಗಳಿದ್ದುದು ಇಟಲಿಯ ನ್ಯಾಯಾಲಯಗಳಲ್ಲಿ. ಅವನ್ನು ತರಲು ೧೯೦೯ರ ಫೆಬ್ರವರಿಯಲ್ಲಿ ಪೆಟ್ರೋಸಿನೋ ಬೇರೊಂದು ಹೆಸರಿನಲ್ಲಿ ಹಡಗನ್ನೇರಿದನು. ಮನೆಯಲ್ಲಿ ಹೆಂಡತಿ, ಕೆಲವೇ ತಿಂಗಳ ಹೆಣ್ಣು ಕೂಸು. ಗುಟ್ಟಿನ ಪ್ರಯಾಣದ ಸುದ್ದಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅಚ್ಚಾಗಿಹೋಯಿತು!

ಸಿಸಿಲಿಯ ಪಲೆರ್ಮೋ ನಗರದಲ್ಲಿ ಪಿಯಾತ್ಸಾ ಮರೀನಾ ಎಂಬ ಇನ್ನೊಂದು ಚೌಕವಿದೆ. ಅದರ ನಡುವಣ ಗರಿಬಾಲ್ಡಿ ಉದ್ಯಾನದಲ್ಲಿ ನಮ್ಮ ಆಲದ ಬಳಗಕ್ಕೆ ಸೇರಿದ ಮಹಾವೃಕ್ಷವೊಂದು ಬಿಳಲುಗಳನ್ನು ಇಳಿಬಿಟ್ಟು ನಿಂತಿದೆ. ೧೯೦೯ರ ಮಾರ್ಚ್ ೧೨ರ ರಾತ್ರಿ ಈ ಉದ್ಯಾನದ ಬೇಲಿಯ ಬಳಿ ಪೆಟ್ರೋಸಿನೋ ಗುಂಡೇಟಿಗೆ ಬಲಿಯಾದನು. ವಯಸ್ಸು ೪೮. ಈ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಒಂದು ತಿಂಗಳ ಬಳಿಕ, ಏಪ್ರಿಲ್ ೧೨ರಂದು, ನ್ಯೂಯಾರ್ಕಿನಲ್ಲಿ ಅಂತ್ಯಯಾತ್ರೆ ನಡೆಯಿತು. ಸುಮಾರು ೨ ಲಕ್ಷ ಜನ ಬೀದಿಗಳ ಇಕ್ಕೆಲದಲ್ಲಿ ನೆರೆದರು. ಅವನಿಗಾಗಿ ಸಾಕ್ಷಿ ನುಡಿಯಲು ಹಿಂಜರಿದಿದ್ದ ಕೇರಿಯ ಜನರೂ ಅಂದು ಹಾಡುಹಗಲಿನಲ್ಲಿ, ಎಲ್ಲರಿಗೂ ಕಾಣುವಂತೆ, ಟೋಪಿ ತೆಗೆದು ನಿಂತಿದ್ದರು.