ಬದನಗುಪ್ಪೆಯ ಮನೆಯಲ್ಲಿ ಒಂದು ಚೊಂಬು ನೀರು

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲಿನಲ್ಲಿ ನೀವು ಎಂದಾದರೂ ಕುಳಿತಿದ್ದರೆ, ನಂಜನಗೂಡು, ಕವಲಂದೆ ದಾಟಿದ ಮೇಲೆ ಬದನಗುಪ್ಪೆ ಎಂಬ ಪುಟ್ಟ ನಿಲ್ದಾಣವನ್ನು ನೋಡಿರುತ್ತೀರಿ. ಇಳಿಯುವವರು ನಾಲ್ಕೈದು ಜನ ಅಷ್ಟೆ. ಚಾಮರಾಜೇಶ್ವರನ ಗುಡಿಗೋ ಬಿಳಿಗಿರಿರಂಗನ ಬೆಟ್ಟಕ್ಕೋ ಹೊರಟವರು ಇಲ್ಲೇಕೆ ಇಳಿದಾರು ಹೇಳಿ! ನಮ್ಮ ಯಜಮಾನರ ದೊಡ್ಡಪ್ಪನ ಮನೆ ಅಲ್ಲಿರುವುದರಿಂದ ನಾವು ಇಳಿದೆವು.

ರಾಗಿ, ಜೋಳ, ಅರಿಶಿನ, ಬಾಳೆ ಬೆಳೆಯುವ ಸೀಮೆ ಇದು. ಈಗ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವೂ ಬಂದಿದೆ. ಹೊಲಗಳ ನಡುವೆ ಕಾರ್ಖಾನೆ ಗೋಡೆಗಳು ಕಾಣುತ್ತವೆ, ಲಾರಿಗಳ ಓಡಾಟವೂ ಹೆಚ್ಚಿದೆ.

ಮನೆಯೊಳಗೆ ಕಾಲಿಟ್ಟ ಕೂಡಲೇ ದೊಡ್ಡತ್ತೆ ಚೊಂಬು ಹಿಡಿದು ಬಂದರು. “ಮೊದ್ಲು ನೀರು ಕುಡಿ ಕನವ್ವ, ಆಮೇಲೆ ಮಾತು” ಎಂದರು. ಪೋಸ್ಟಿನವರು ಬರಲಿ, ಬಳೆ ಮಾರುವವರು ಬರಲಿ, ಆ ಮನೆಯಲ್ಲಿ ನೀರು ಕುಡಿಯದೆ ಯಾರೂ ಹೋಗುವಂತಿಲ್ಲ. ಇದೇನು ಇಷ್ಟೊಂದು ಕಟ್ಟುನಿಟ್ಟು ಎಂದು ಕೇಳಿದೆ. ಅತ್ತೆ ಜಗಲಿಯ ಕಡೆ ಕಣ್ಣು ತೋರಿಸಿದರು. ಅಲ್ಲಿ ದೊಡ್ಡಮಾವ ಕುಳಿತಿದ್ದರು.

ಮಾವನಿಗೆ ಈಗ ಎಪ್ಪತ್ತೈದು ದಾಟಿದೆ. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿರುವ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ ತರಬೇತಿ ಪಡೆದವರು. 1780ರಲ್ಲಿ ಹುಟ್ಟಿದ ದಳ ಅದು. ಸೇತುವೆ ಕಟ್ಟುವುದು, ದಾರಿ ಮಾಡುವುದು, ವೈರಿ ಹೂತಿಟ್ಟ ನೆಲಬಾಂಬು ತೆಗೆಯುವುದು ಅವರ ಕಸುಬು. 1971ರ ಡಿಸೆಂಬರಿನಲ್ಲಿ ಮಾವ ಜಮ್ಮುವಿನ ಆಚೆ, ಶಕರಗಢದ ಕಡೆ, ಬಸಂತರ್ ನದಿಯ ಹತ್ತಿರ ಇದ್ದರು. ನಮ್ಮ ಟ್ಯಾಂಕುಗಳು ನದಿ ದಾಟಬೇಕಾದರೆ ಬಾಂಬು ಹೂತ ನೆಲದಲ್ಲಿ ಮೊದಲು ಇವರು ದಾರಿ ಬಿಡಿಸಬೇಕಿತ್ತು.

“ಡಿಸೆಂಬರ್ ಹದಿನೈದರ ರಾತ್ರಿ ಕನವ್ವ. ಕೊರೆಯೋ ಚಳಿ, ಮೇಲಿಂದ ಗುಂಡು. ಪಕ್ಕದಲ್ಲಿದ್ದೋನು ಧರ್ಮಪುರಿ ಕಡೆ ಹುಡ್ಗ. ಒಂದು ಸಿಡೀತು. ನೋಡಿದ್ರೆ ಅವನ ಪಾದ ಇಲ್ಲ.”

ಮಾವ ಪಟ್ಟಿ ಬಿಗಿದು ಕಟ್ಟಿದರು. ಆತ ನೀರು ಕೇಳಿದ. ಎರಡು ಗುಟುಕು ಕುಡಿಸುವುದರೊಳಗೆ ಮುಂದೆ ನಡೆಯಲು ಕೂಗು ಬಂತು. ಗಾಯಾಳುಗಳನ್ನು ಹೊರುವವರು ಹಿಂದೆ ಬರುತ್ತಾರೆ, ಕೆಲಸ ಮಾತ್ರ ನಿಲ್ಲುವಂತಿಲ್ಲ. ನೀರಿನ ಬಾಟಲಿಯನ್ನು ಅವನ ಕೈಗಿಟ್ಟು ಮಾವ ಕತ್ತಲಲ್ಲಿ ಮುಂದೆ ಹೋದರು.

ಆ ದಾರಿ ಪೂರ್ತಿ ತೆರವಾಗುವ ಮೊದಲೇ ಪೂನಾ ಹಾರ್ಸ್‌ನ ಟ್ಯಾಂಕುಗಳು ನುಗ್ಗಿದವು. ಮರುದಿನ, 16ರಂದು, ಟ್ಯಾಂಕು ಬಿಟ್ಟು ಬರಲೊಪ್ಪದೆ ಹೋರಾಡಿ ಮಡಿದ ಅರುಣ್ ಖೇತರ್‌ಪಾಲ್‌ಗೆ ಬರೀ 21 ವರ್ಷ. ಪರಮವೀರ ಚಕ್ರ ಬಂತು. ದಾರಿ ಬಿಡಿಸುವ ಕೆಲಸದಲ್ಲಿ ಪ್ರಾಣ ಕೊಟ್ಟ 9ನೇ ಇಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತನ್ ಚೌಧರಿಗೆ ಮಹಾವೀರ ಚಕ್ರ ಬಂತು. 17ರಂದು ಕದನ ನಿಂತಿತು.

ಧರ್ಮಪುರಿಯ ಹುಡುಗ ಬದುಕಿದ. ಪುಣೆಯ ಕೃತಕ ಅವಯವ ಕೇಂದ್ರದಲ್ಲಿ ಕಾಲು ಹಾಕಿಸಿಕೊಂಡ. ಕೆಲವು ವರ್ಷಗಳ ನಂತರ, ಇಲ್ಲಿ ಇನ್ನೂ ಮೀಟರ್ ಗೇಜ್ ರೈಲು ಓಡುತ್ತಿದ್ದಾಗ, ಕೋಲೂರಿಕೊಂಡು ಈ ಮನೆಗೇ ಬಂದನಂತೆ. ಅತ್ತೆ ರಾಗಿಮುದ್ದೆ, ಉಪ್ಸಾರು ಮಾಡಿ ಬಡಿಸಿದರು. ಊಟದ ನಡುವೆ ಮಾವ “ನಿನ್ನ ಬುಟ್ಟು ಹೋದೆ ಕನಪ್ಪ” ಎಂದು ಮಗುವಿನಂತೆ ಅತ್ತರು. ಆತ “ನೀನು ನಿಂತಿದ್ರೆ ಹಿಂದೆ ಬರೋರೆಲ್ಲ ನಿಲ್ತಿದ್ರು. ನೀರು ಕೊಟ್ಟೆಯಲ್ಲ, ಸಾಕು” ಎಂದ.

ಸ್ನೇಹಿತ ಕ್ಷಮಿಸಿದ್ದಾಯಿತು, ಆದರೆ ಮಾವನ ಮನಸ್ಸು ಇಂದಿಗೂ ಒಪ್ಪಿಲ್ಲ. ಎಷ್ಟೋ ರಾತ್ರಿ ಬೆಚ್ಚಿ ಎದ್ದು ಕೂರುತ್ತಾರೆ. ಮದುವೆಯಾದ ಹೊಸದರಲ್ಲಿ ಅತ್ತೆ ಹೆದರಿ, ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದ್ದರಂತೆ. “ಆಮೇಲೆ ಗೊತ್ತಾಯ್ತು ಕನವ್ವ. ಈಗ ಏನೂ ಕೇಳಕಿಲ್ಲ. ತಲೆದೆಸೇಲಿ ಚೊಂಬು ಇಟ್ಟಿರ್ತೀನಿ. ಎದ್ದಾಗ ಕೊಡ್ತೀನಿ, ಜೊತೇಲಿ ಕೂತ್ಕತೀನಿ.” ಐವತ್ತು ವರ್ಷದಿಂದ ಈ ಶುಶ್ರೂಷೆ ನಡೆದಿದೆ. ಅದಕ್ಕೆ ಯಾವ ಪದಕವೂ ಇಲ್ಲ.

ನಮ್ಮ ನಾಡಿನ ಹಳ್ಳಿಗಳಲ್ಲಿ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಕೆಳಗೆ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಸತ್ತವನಿಗೆ ಕಲ್ಲು ನೆಟ್ಟರು. ಗಾಯಗೊಂಡು ತಿರುಗಿ ಬಂದವನಿಗೆ, ಅವನನ್ನು ನೆನೆದು ನಿದ್ದೆಗೆಟ್ಟವನಿಗೆ ನೆಟ್ಟ ಕಲ್ಲನ್ನು ನಾನಂತೂ ಕಂಡಿಲ್ಲ.

ಪ್ರತಿ ವರ್ಷ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಮಕ್ಕಳು ಶಾಲೆಯಿಂದ ಪುಟ್ಟ ಬಾವುಟ ತಂದರೆ ಚಿಲ್ಲರೆ ಇಲ್ಲವೆಂದು ಹಿಂದಕ್ಕೆ ಕಳಿಸಬೇಡಿ. ನಿಮ್ಮ ಬೀದಿಯಲ್ಲೂ ಒಬ್ಬ ಮಾಜಿ ಸೈನಿಕರು ಇದ್ದಾರು. ಎಷ್ಟು ಜನರನ್ನು ಹೊಡೆದಿರಿ ಎಂದು ಅವರನ್ನು ಕೇಳದಂತೆ ಹುಡುಗರಿಗೆ ತಿಳಿಹೇಳಿ. ಜೊತೆಯಲ್ಲಿ ಯಾರಿದ್ದರು, ಯಾವ ಊರಿನವರು ಎಂದು ಕೇಳಿದರೆ ಅವರೇ ಮಾತಾಡುತ್ತಾರೆ. ಮಾತು ನಡುವೆ ನಿಂತರೆ ಅವಸರ ಮಾಡಬೇಡಿ. ಅವರ ಮನೆಯಾಕೆಯನ್ನೂ ಒಂದು ಮಾತು ವಿಚಾರಿಸಿಕೊಳ್ಳಿ.