ಹದಿನಾರು ಪಾಠದ ಪುಸ್ತಕ

ಫಸ್ಟ್ ಇಯರ್‌ನವರು ಕೆಮಿಸ್ಟ್ರಿ ಸೈಕಲ್ ಬಂತು ಅಂತ ಕ್ಯಾಂಟೀನಿನಲ್ಲಿ ಗೋಳಾಡುವುದನ್ನು ಕೇಳಿದಾಗೆಲ್ಲ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ನಮಗೆ ಕೆಮಿಸ್ಟ್ರಿ ಅಂದರೆ ಕೆಂಗಲ್. ಪಿಯುಸಿಯಲ್ಲಿ ನಾವು ಮೂವರಲ್ಲ, ನಾಲ್ವರಿದ್ದೆವು.

ಕೆಂಗಲ್ ಗೊತ್ತಿಲ್ಲದವರಿಗೆ: ರಾಮನಗರ ದಾಟಿ ಹಳೇ ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣಕ್ಕೆ ಹೋಗುವಾಗ ಸಿಗುವ ಆಂಜನೇಯನ ಜಾಗ. ಕೆಂಪು ಕಲ್ಲೇ ಕೆಂಗಲ್ಲು. ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರ ಹೆಸರಿನ ಮುಂದೆ ಇರೋದು ಇದೇ ಕೆಂಗಲ್. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಕಾರುಗಳೆಲ್ಲ ಬೈಪಾಸ್ ಹಿಡಿದವು. ಹಳೇ ರಸ್ತೆ ನಮ್ಮಂಥವರಿಗೆ ಉಳಿಯಿತು.

ಎಸ್ಸೆಸ್ಸೆಲ್ಸಿವರೆಗೆ ನಾಲ್ವರೂ ಕನ್ನಡ ಮೀಡಿಯಂ. ಆಮ್ಲ, ಪ್ರತ್ಯಾಮ್ಲ, ಲವಣ ಅಂತ ಓದಿ ಒಳ್ಳೇ ಮಾರ್ಕ್ಸ್ ತಗೊಂಡವರು. ಪಿಯುಸಿಗೆ ಹೋದರೆ ಎಲ್ಲಾ ಇಂಗ್ಲಿಷು. ಆಕ್ಸಿಡೇಶನ್, ರಿಡಕ್ಷನ್ ಅಂತ ಬೋರ್ಡ್ ಮೇಲೆ ಬರೆದಾಗ ಹೊಸ ಪಾಠ ಅಂದುಕೊಂಡು ಬರೆದುಕೊಂಡೆವು. ಅದು ನಾವು ಓದಿದ್ದ ಉತ್ಕರ್ಷಣ, ಅಪಕರ್ಷಣವೇ ಅಂತ ಗೊತ್ತಾಗುವ ಹೊತ್ತಿಗೆ ಮೊದಲ ಟೆಸ್ಟ್ ಮುಗಿದಿತ್ತು. ಮಾರ್ಕ್ಸ್ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಮನೇಲೂ ಹೇಳಿರಲಿಲ್ಲ.

ಸೆಕೆಂಡ್ ಪಿಯುಸಿಗೆ ಬಂದಾಗ ಒಂದು ತೀರ್ಮಾನ ಮಾಡಿದೆವು. ಕ್ಲಾಸಿನಲ್ಲಿ ಇಂಗ್ಲಿಷಲ್ಲಿ ಕೇಳಿದ್ದನ್ನು ಸಂಜೆ ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಬೇಕು. ಹೇಳೋಕೆ ಬಾರದಿದ್ದರೆ ನಮಗೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ. ಸೇರುತ್ತಿದ್ದದ್ದು ನಾಲ್ಕನೆಯವನ ಮನೆ ಜಗಲಿಯಲ್ಲಿ. ಅವರದು ರೇಷ್ಮೆ ಹುಳ ಸಾಕುವ ಮನೆ. ಓದಿನಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ ಇದ್ದವನೂ ಅವನೇ.

ಎಸ್ಎನ್1, ಎಸ್ಎನ್2 ನಮ್ಮ ತಲೆಗೆ ಹತ್ತಿದ್ದು ಬಸ್ಸಿನಲ್ಲಿ. ಆ ವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಂದು ದಿನ ನಿಂತುಕೊಂಡೇ ಅವನಂದ: "ನೋಡ್ರೋ, ಸೀಟಲ್ಲಿ ಕೂತಿರೋನು ತಾನಾಗೇ ಎದ್ದು ಹೋದ್ಮೇಲೆ ನೀನು ಕೂತ್ರೆ ಎಸ್ಎನ್1. ಅವನು ಏಳ್ತಿದ್ದಂಗೇ ಆ ಕಡೆಯಿಂದ ನೀನು ತೂರ್ಕೊಂಡ್ರೆ ಎಸ್ಎನ್2. ಸುತ್ತ ಜನ ತುಂಬ್ಕೊಂಡಿದ್ರೆ ತೂರಕ್ಕಾಗುತ್ತಾ? ಅದಕ್ಕೇ ಟರ್ಷಿಯರಿ ಹ್ಯಾಲೈಡಲ್ಲಿ ಎಸ್ಎನ್2 ಆಗಲ್ಲ." ಪರೀಕ್ಷೆಯಲ್ಲಿ ಬರೆದದ್ದು ಸ್ಟೆರಿಕ್ ಹಿಂಡ್ರೆನ್ಸ್ ಅಂತ. ತಲೆಯಲ್ಲಿದ್ದದ್ದು ಬಸ್ಸು.

ಅವರ ಮನೇಲಿ ಪುಸ್ತಕ ಇಲ್ಲದೆಯೂ ಕೆಮಿಸ್ಟ್ರಿ ಇತ್ತು. ಹೊಸ ಹುಳ ತರುವ ಮುಂಚೆ ಹುಳದ ಮನೆಗೆ ಹೊಡೆಯುತ್ತಿದ್ದ ಫಾರ್ಮಾಲಿನ್ ಆಲ್ಡಿಹೈಡ್ ಪಾಠದ ಮೊದಲನೇ ಹೆಸರು. ಹುಳ ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಲಿ ಅಂತ ಉದುರಿಸುವ ಸುಣ್ಣದ ಪುಡಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಬಯೋಮಾಲಿಕ್ಯೂಲ್ಸ್ ಪಾಠದಲ್ಲಿ ನಾರಿನಂಥ ಪ್ರೋಟೀನಿಗೆ ಕೂದಲು, ಉಣ್ಣೆಯ ಜೊತೆ ರೇಷ್ಮೆಯ ಹೆಸರು ಒಂದೇ ಒಂದು ಸಲ ಬಂದು ಹೋಗುತ್ತದೆ. ಆದರೆ ಎಳೆ ಫೈಬ್ರೋಯಿನ್, ಅದನ್ನು ಅಂಟಿಸಿ ಹಿಡಿದಿರೋದು ಸೆರಿಸಿನ್, ಗೂಡನ್ನು ಬಿಸಿನೀರಿಗೆ ಹಾಕಿದರೆ ಸೆರಿಸಿನ್ ಮೆದುವಾಗಿ ಎಳೆ ಬಿಚ್ಚುತ್ತದೆ. ಇದನ್ನು ರಾಮನಗರದ ರೀಲರ್‌ಗಳು ಯಾವ ಪಾಠವನ್ನೂ ಓದದೆ ದಿನಾ ಮಾಡುತ್ತಾರೆ. ನಮ್ಮಲ್ಲೊಬ್ಬಳ ತಂದೆ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. "ಇದು ಫಿಸಿಕಲ್ ಚೇಂಜಾ, ಕೆಮಿಕಲ್ ಚೇಂಜಾ?" ಅಂತ ಅವರ ಮುಂದೆಯೇ ಜಗಳ ಆಡಿದ್ದೇವೆ. "ಬಣ್ಣ ಹತ್ತುದ್ರೆ ಸಾಕು ಹೋಗ್ರವ್ವ" ಅಂದಿದ್ದರು.

ಈಗ ಪುಸ್ತಕದ ವಿಷಯ. 2023-24ರಲ್ಲಿ ನಮ್ಮ ಕೆಮಿಸ್ಟ್ರಿ ಪಠ್ಯ ಕಡಿಮೆಯಾಯಿತು. 16 ಪಾಠ ಇದ್ದದ್ದು 10 ಆಯಿತು. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಲೋಹ ತೆಗೆಯುವ ಪಾಠ, ಪಿ-ಬ್ಲಾಕ್, ಪಾಲಿಮರ್ಸ್, ದಿನಬಳಕೆಯ ಕೆಮಿಸ್ಟ್ರಿ ಎಲ್ಲಾ ಹೋದವು. ನಾವು ಮೂವರು ಹೊಸ ಪುಸ್ತಕ ಕೊಂಡೆವು. ಅವನ ಹತ್ತಿರ ಇದ್ದದ್ದು ಅವರಕ್ಕ ಓದಿದ ಹಳೇ ಪುಸ್ತಕ. ಆ ಸಲ ಗೂಡಿಗೆ ಒಳ್ಳೇ ರೇಟ್ ಸಿಕ್ಕಿರಲಿಲ್ಲ. "ಅಕ್ಕಂದು ಇದೆಯಲ್ಲಪ್ಪ" ಅಂದರು ಅವರಪ್ಪ. ಅವನೂ ಮತ್ತೆ ಕೇಳಲಿಲ್ಲ.

ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ರಾತ್ರಿ ಸೊಪ್ಪು ಹಾಕುವ ಸರದಿ ಅವನದು. ಹಾಕಿ ಮುಗಿಸಿ ನಿದ್ದೆ ಬಾರದೆ ಆ ಬಿಟ್ಟ ಪಾಠಗಳನ್ನೂ ಓದುತ್ತಿದ್ದ. ನಾವು ಬೈಯುತ್ತಿದ್ದೆವು: "ಸಿಲಬಸ್‌ನಲ್ಲೇ ಇಲ್ಲ ಕಣೋ, ಟೈಂ ವೇಸ್ಟ್." ಅವನು, "ಪುಸ್ತಕದಲ್ಲಿದೆಯಲ್ಲ, ಚೆನ್ನಾಗಿದೆ ಕಣ್ರೋ" ಅನ್ನುತ್ತಿದ್ದ.

ಜನವರಿಯಲ್ಲಿ ಅಯ್ಯನಗುಡಿ ದನಗಳ ಜಾತ್ರೆ. ಊರಿಗೆಲ್ಲ ಹಬ್ಬ, ನಮಗೆ ಪ್ರಿಪರೇಟರಿ. ಓದಿದ್ದೆಲ್ಲ ಮರೆಯುತ್ತಿದ್ದ ಕಾಲ ಅದು. ನಮ್ಮ ನೆನಪಿನದು ಫಸ್ಟ್ ಆರ್ಡರ್ ರಿಯಾಕ್ಷನ್ ಅಂತ ಆಗ ಒಂದು ಸಿದ್ಧಾಂತ ಮಾಡಿಕೊಂಡಿದ್ದೆವು. ಎಷ್ಟೇ ಓದಿ ಶುರು ಮಾಡು, ಅರ್ಧ ಮರೆಯೋಕೆ ಅಷ್ಟೇ ಹೊತ್ತು! ಪ್ರಾಕ್ಟಿಕಲ್‌ನಲ್ಲಿ ಆಕ್ಸಾಲಿಕ್ ಆಮ್ಲವನ್ನು ಬಿಸಿ ಮಾಡುವುದನ್ನು ಮರೆತು, ಪರ್ಮಾಂಗನೇಟಿನ ಬಣ್ಣ ಹೋಗದೆ ನಿಂತದ್ದನ್ನೇ ಎಂಡ್ ಪಾಯಿಂಟ್ ಅಂದುಕೊಂಡವರೂ ನಮ್ಮಲ್ಲಿದ್ದಾರೆ. ಹೆಸರು ಬೇಡ. ಮಾರ್ಚಿನ ಬೋರ್ಡ್ ಪರೀಕ್ಷೆ ಮಾತ್ರ ನಾಲ್ವರಿಗೂ ಚೆನ್ನಾಗಿಯೇ ಆಯಿತು.

2024ರ ಏಪ್ರಿಲ್ 19ರ ಮಧ್ಯಾಹ್ನ ಸಿಇಟಿ ಕೆಮಿಸ್ಟ್ರಿ. 60 ಪ್ರಶ್ನೆ, 80 ನಿಮಿಷ. ಓದುತ್ತಾ ಹೋದಂತೆ ಕೈ ತಣ್ಣಗಾಯಿತು. ಬಿಟ್ಟ ಪಾಠಗಳ ಪ್ರಶ್ನೆಗಳು ಒಂದರ ಹಿಂದೊಂದು. ಹೊರಗೆ ಬಂದಾಗ ಒಂದಷ್ಟು ಜನ ಅಳುತ್ತಿದ್ದರು, ನಾವು ಸಿಟ್ಟಿನಲ್ಲಿ ಕೂಗಾಡುತ್ತಿದ್ದೆವು. ಅವನು ಮಾತ್ರ ಸುಮ್ಮನೆ ನಿಂತಿದ್ದ. "ನಿಂಗೆ?" ಅಂದೆವು. "ಬಂತು" ಅಂದ. ಅಷ್ಟೇ.

ರಾಜ್ಯದಲ್ಲೆಲ್ಲ ಗಲಾಟೆ ಆಯಿತು. ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ತೀರ್ಮಾನ ಬಂತು. ಕೆಮಿಸ್ಟ್ರಿಯಲ್ಲಿ 15. ಸುದ್ದಿ ಬಂದಾಗ ನಾವು ಮೂವರು ಕುಣಿದೆವು. ಕುಣಿದು ಮುಗಿದ ಮೇಲೆ ಅವನ ನೆನಪಾಯಿತು.

ಪಠ್ಯದಲ್ಲಿ ಇಲ್ಲದ್ದನ್ನು ಕೇಳಿದ್ದು ತಪ್ಪು. ತೆಗೆದದ್ದು ನ್ಯಾಯ. ಇದನ್ನು ಇವತ್ತೂ ಹೇಳುತ್ತೇವೆ. ಲಕ್ಷಾಂತರ ಜನ ಹೊಸ ಪುಸ್ತಕ ನಂಬಿ ಓದಿದವರು. ಆದರೆ ಹೊಸ ಪುಸ್ತಕ ಕೊಳ್ಳಲಾಗದೆ, ಹುಳದ ಮನೆಯಲ್ಲಿ ಕೂತು ಹಳೇದನ್ನೇ ಪೂರ್ತಿ ಓದಿದ ಒಬ್ಬ ಹುಡುಗನ ಉತ್ತರಗಳೂ ಅದೇ ನ್ಯಾಯದಲ್ಲಿ ಅಳಿಸಿ ಹೋದವು. ಅವನಿಗೆ ನಮಗಿಂತ ಹಿಂದಿನ ರ‍್ಯಾಂಕ್ ಬಂತು. ಆ ಪ್ರಶ್ನೆಗಳು ಉಳಿದಿದ್ದರೆ ಏನಾಗುತ್ತಿತ್ತು ಅಂತ ನಾವು ಲೆಕ್ಕ ಹಾಕಿಲ್ಲ. ಹಾಕಲು ಧೈರ್ಯ ಸಾಲಲಿಲ್ಲ ಅನ್ನುವುದೇ ಸರಿ. ಸಂಜೆ ಜಗಲಿಗೆ ಹೋದೆವು. ಏನು ಹೇಳಬೇಕೋ ತಿಳಿಯದೆ ಕೂತಾಗ ಅವನೇ, "ಬುಡ್ರೋ, ನಿಮ್ಗೆ ಬಂದಿಲ್ಲ ಅಂದ್ರೆ ಅದು ನಿಮ್ ತಪ್ಪಾ? ಬನ್ನಿ, ಸೊಪ್ಪು ಹಾಕನ" ಅಂದ. ನಾಲ್ವರೂ ಸೇರಿ ಹಾಕಿದೆವು.

ನಾವು ಈ ಕಾಲೇಜಿಗೆ ಬಂದೆವು. ಅವನು ಊರ ಹತ್ತಿರವೇ ಬಿ.ಎಸ್ಸಿ. ಸೇರಿದ, ಕೆಮಿಸ್ಟ್ರಿಯನ್ನೇ ತಗೊಂಡ.

ಫಸ್ಟ್ ಇಯರ್ ಕೆಮಿಸ್ಟ್ರಿ ಸೈಕಲ್‌ನಲ್ಲಿ ಪಾಲಿಮರ್ ಬಂದಾಗ ನಮಗೆ ತಳಪಾಯವೇ ಇರಲಿಲ್ಲ. ಪಿಯುಸಿಯಲ್ಲಿ ಆ ಪಾಠ ತೆಗೆದಿದ್ದರಲ್ಲ. ಇಂಟರ್ನಲ್ಸ್‌ಗೆ ಎರಡು ದಿನ ಇರುವಾಗ ಅವನಿಗೆ ಫೋನ್ ಮಾಡಿದೆವು. ಅರ್ಧ ಗಂಟೆಯಲ್ಲಿ ಹಳೇ ಪುಸ್ತಕದ ಆ ಪಾಠದ ಫೋಟೋಗಳು ಬಂದವು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಕನ್ನಡದ ಟಿಪ್ಪಣಿ, ಒಂದೆರಡು ಕಡೆ ಹಿಪ್ಪುನೇರಳೆ ಸೊಪ್ಪಿನ ಹಸಿರು ಕಲೆ. ಹಿಂದೆಯೇ ಒಂದು ವಾಯ್ಸ್ ಮೆಸೇಜು: "ಓದ್ಕಂಡು ಒಬ್ರಿಗೊಬ್ರು ಕನ್ನಡದಲ್ಲಿ ಹೇಳ್ಕಳಿ. ಬರ್ದಿದ್ರೆ ರಾತ್ರಿ ಫೋನ್ ಮಾಡಿ, ಎದ್ದಿರ್ತೀನಿ. ಹುಳ ನಾಲ್ಕನೇ ಜ್ವರ ಎದ್ದವೆ."