ಚಳಿಯ ತಲೆಗೆ ಕಟ್ಟಿದ ತಪ್ಪು

ಡಿಸೆಂಬರ್ ಬಂತೆಂದರೆ ನಮ್ಮ ಹಿತ್ತಿಲ ಅಬ್ಬಲಿಗೆ ಹೂ ಕಡಿಮೆ ಮಾಡುತ್ತದೆ. ದಿನ ಬಿಟ್ಟು ದಿನ ಬಿಡಿಸಿ ಐದಾರು ಮೊಳ ಕಟ್ಟುವ ಅವ್ವ ಆಗ ಎರಡು ಮೊಳಕ್ಕೆ ಬಂದು ನಿಲ್ಲುತ್ತಾಳೆ. ಕನಕಾಂಬರ ಅನ್ನಿ, ಜೊಯಿಡಾ ಕಡೆಯ ಕೊಂಕಣಿಗರ ಹಾಗೆ ಆಬೋಲಿ ಅನ್ನಿ, ಗಿಡ ಅದೇ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಹೂ ಕೊಡುತ್ತದೆ. ವಾಸನೆ ಇಲ್ಲ, ಆದರೆ ಮುಡಿದರೆ ಬೇಗ ಬಾಡುವುದಿಲ್ಲ.

ಹೋದ ವರ್ಷದ ಡಿಸೆಂಬರ್‌ನಲ್ಲಿ ನಾವು ಇದರ ಬಗ್ಗೆ ಒಂದು ಸುದ್ದಿ ಬರೆದೆವು. ಬೇರೇನೋ ಕೆಲಸಕ್ಕೆ ಗಣೇಶಗುಡಿ ಕಡೆ ಬೈಕಿನಲ್ಲಿ ಹೋಗಿದ್ದೆವು. ಬೆಳಗ್ಗೆ ಎಂಟಾದರೂ ಮಂಜು ಬಿಟ್ಟಿರಲಿಲ್ಲ. ದಾರಿಬದಿಯ ಮನೆಗಳ ಅಂಗಳದಲ್ಲೆಲ್ಲ ಅಬ್ಬಲಿಗೆ ಹಳದಿಯಾಗಿತ್ತು. ನಮ್ಮ ಮನೆಯಲ್ಲೂ ಹಾಗೇ ಆಗಿತ್ತಲ್ಲ, ಮತ್ತೇನು ಬೇಕು? ಮೂರು ಫೋಟೊ, ನಾಲ್ಕು ಮಾತು. ಚಳಿಗೆ ಅಬ್ಬಲಿಗೆ ನಲುಗಿದೆ, ಬಿಸಿಲು ಏರಿದರೆ ತಾನಾಗಿ ಚಿಗುರುತ್ತದೆ, ಬೆಳೆಗಾರರು ಕಾಯಬೇಕು ಎಂದು ಬರೆದೆವು. ಸುದ್ದಿ ಬಂತು, ವಾಟ್ಸಾಪಿನಲ್ಲೂ ಓಡಾಡಿತು.

ಬರೆದದ್ದು ಪೂರ್ತಿ ಸುಳ್ಳಲ್ಲ. ಅಬ್ಬಲಿಗೆ ನಮ್ಮ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಗಿಡ, ಬೆಚ್ಚಗಿನ ನೆಲದ್ದು. ರಾತ್ರಿಯ ಚಳಿ ಹತ್ತು ಡಿಗ್ರಿ ಹತ್ತಿರಕ್ಕೆ ಇಳಿದರೆ ಅದು ಬೆಳೆಯುವುದನ್ನೇ ನಿಲ್ಲಿಸುತ್ತದೆ. ಮಣ್ಣು ತಣ್ಣಗಾದರೆ ಬೇರು ಕಬ್ಬಿಣದಂಥ ಸತ್ವವನ್ನು ಸರಿಯಾಗಿ ಎಳೆದುಕೊಳ್ಳಲಾರದು, ಹಾಗಾಗಿ ಹೊಸ ಎಲೆ ಬಿಳಿಚಿಕೊಳ್ಳುತ್ತದೆ, ತೆನೆ ಗಿಡ್ಡವಾಗುತ್ತದೆ. ಅದೇ ಹೊತ್ತಿಗೆ ಪಕ್ಕದ ಸೇವಂತಿಗೆ ಮೈತುಂಬ ಹೂ ಬಿಟ್ಟಿರುತ್ತದೆ. ಅದಕ್ಕೆ ರಾತ್ರಿ ಉದ್ದವಾದರೇನೇ ಮೊಗ್ಗು.

ಒಂದೇ ಹಿತ್ತಿಲಲ್ಲೂ ಚಳಿ ಒಂದೇ ತೆರನಾಗಿ ಇರುವುದಿಲ್ಲ. ತಣ್ಣನೆಯ ಗಾಳಿ ಭಾರ, ರಾತ್ರಿ ಅದು ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತದೆ. ನಮ್ಮಲ್ಲಿ ಗದ್ದೆಯ ಅಂಚಿನ ಸಾಲು ಹಳದಿಯಾದರೂ ಕೊಟ್ಟಿಗೆ ಗೋಡೆಗೆ ತಾಗಿದ ಸಾಲು ಹಸಿರಾಗೇ ಇತ್ತು. ಹಗಲಿನ ಬಿಸಿಲನ್ನು ಕುಡಿದ ಗೋಡೆ ರಾತ್ರಿ ಅದನ್ನು ಬಿಟ್ಟುಕೊಡುತ್ತದೆ, ಮೇಲೆ ಸೂರಿನ ಮರೆ ಬೇರೆ. ಕಾಳಿ ಕಣಿವೆಯ ದಾಂಡೇಲಿ, ಜೊಯಿಡಾ ಮನೆಗಳಿಗೆ ಇದು ಹೆಚ್ಚು ಅನ್ವಯಿಸುತ್ತದೆ. (1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟಿಯನ್ನರ ಮುಂದೆ ನಮ್ಮ ಚಳಿಯ ಮಾತು ತೆಗೆದರೆ ನಗುತ್ತಾರೆ. ಆದರೆ ಆ ಚಳಿಗೆಂದೇ ಊರೂರಲ್ಲಿ ಸ್ವೆಟರ್ ಮಾರುವವರೂ ಅವರೇ.)

ಶಿವರಾತ್ರಿ ಕಳೆದ ಮೇಲೆ ಹಳಿಯಾಳ ಹತ್ತಿರದ ಹಳ್ಳಿಯಿಂದ ಒಬ್ಬ ಅಕ್ಕ ಫೋನ್ ಮಾಡಿದರು. ಸಂತೆಯಲ್ಲಿ ಹೂ ಮಾರಿ ಮನೆ ನಡೆಸುವವರು.

“ಅಣ್ಣಾರ, ಚಳಿ ಹೋದ್ರ ಚಿಗೀತೈತಿ ಅಂತ ಬರದಿದ್ರೆಲ್ಲಾ. ಚಳಿ ಹೋಗಿ ತಿಂಗಳಾತು. ಗಿಡ ಒಣಗಾಕ ಹತ್ಯಾವ. ಇನ್ನೂ ಎಷ್ಟ ದಿನಾ ಕಾಯ್ಬೇಕ್ರಿ?”

ಮರುದಿನವೇ ಹೋದೆವು. ತೋಟಗಾರಿಕೆ ಓದಿದ ಗೆಳೆಯರೊಬ್ಬರನ್ನು ಕರೆದುಕೊಂಡು ಹೋದದ್ದೊಂದೇ ನಾವು ಮಾಡಿದ ಸರಿ ಕೆಲಸ. ಅವರು ಎಲೆ ನೋಡಲೇ ಇಲ್ಲ. ಒಂದು ಗಿಡ ಕಿತ್ತು, ಬೇರನ್ನು ಕೊಡದ ನೀರಿನಲ್ಲಿ ಅದ್ದಿ ತೊಳೆದು ನಮ್ಮ ಕೈಗಿಟ್ಟರು. ಬೇರಿನ ತುಂಬ ರಾಗಿ, ಜೋಳದ ಕಾಳಿನಷ್ಟು ಗಂಟು. ಉಗುರಿನಿಂದ ಕೆರೆದರೂ ಬಿಡಲಿಲ್ಲ. ನೆಮಟೋಡ್, ಅಂದರೆ ಕಣ್ಣಿಗೆ ಕಾಣದ ಬೇರುಗಂಟಿನ ಜಂತು. ಅಬ್ಬಲಿಗೆಗೆ ಇದು ಬಹಳ ಕಾಡುವ ಪಿಡುಗು.

ಎರಡು ತಿಂಗಳು ಆ ಅಕ್ಕ ಕಾದಿದ್ದರು, ನಮ್ಮ ಮಾತು ನಂಬಿ. ಅಷ್ಟರಲ್ಲಿ ಇನ್ನೊಂದು ಆಗಿಹೋಗಿತ್ತು. ಸಂಕ್ರಾಂತಿಗೆ ಬಂದ ತಂಗಿಗೆ ಏಳೆಂಟು ಗಿಡಗಳನ್ನು ಮಣ್ಣಿನ ಹೆಂಟೆ ಸಮೇತ ಕಿತ್ತು ಮುಂಡಗೋಡಕ್ಕೆ ಕಳಿಸಿದ್ದರು. “ಅಲ್ಲಿ ಚಳಿ ಕಮ್ಮಿ, ಬದುಕ್ತಾವ ಅಂದ್ನಿ,” ಎಂದರು. ಜಂತು ಮಣ್ಣಿನ ಜೊತೆ ಬಸ್ಸು ಹತ್ತಿತ್ತು. ನಮಗೆ ಏನು ಹೇಳಬೇಕೋ ತೋಚಲಿಲ್ಲ. ಆಕೆ ಬೈಯಲೂ ಇಲ್ಲ, ಚಹಾ ಮಾಡಿ ಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು.

ಅಂದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ, ಏಕೆಂದರೆ ತಿದ್ದುಪಡಿ ಕಳಿಸಿದಾಗ ಡೆಸ್ಕಿನಿಂದ “ಹೂವಿನದು ಆಗಲೇ ಆಯ್ತಲ್ಲ” ಎಂಬ ಉತ್ತರ ಬಂತು.

ಚಳಿಯಿಂದ ಆದದ್ದಾದರೆ ತಗ್ಗಿನ, ಬಯಲಿನ ಗಿಡಗಳೆಲ್ಲ ಒಟ್ಟಿಗೇ ಬಿಳಿಚುತ್ತವೆ, ಗೋಡೆ ಬದಿಯವು ಉಳಿಯುತ್ತವೆ, ಫೆಬ್ರವರಿ ಬಿಸಿಲಿಗೆ ಹೊಸ ಎಲೆ ಹಸಿರು ಬರುತ್ತದೆ. ಜಂತಿನದಾದರೆ ಇಲ್ಲೊಂದು ಅಲ್ಲೊಂದು ಗುಂಪಾಗಿ ಸೊರಗುತ್ತವೆ, ಮಣ್ಣು ಹಸಿ ಇದ್ದರೂ ಮಧ್ಯಾಹ್ನ ಬಾಡುತ್ತವೆ. ಅನುಮಾನ ಬಂದರೆ ಒಂದು ಗಿಡ ಕಳಕೊಳ್ಳಿ, ಕಿತ್ತು ಬೇರು ನೋಡಿ. ಚಳಿಗಾಲದಲ್ಲಿ ನೀರನ್ನು ಸಂಜೆ ಬೇಡ, ಬೆಳಗ್ಗೆ ಹಾಕಿ. ಬುಡಕ್ಕೆ ತರಗೆಲೆ ಮುಚ್ಚಿ. ಸವರುವ ಕೆಲಸ ಚಳಿ ಕಳೆಯುವವರೆಗೆ ಬೇಡ, ಎಳೆ ಚಿಗುರೇ ಮೊದಲು ಸುಡುತ್ತದೆ. ಗಂಟು ಕಂಡರೆ ಬೇರು ಸಮೇತ ಕಿತ್ತು ಸುಡಿ, ಗೊಬ್ಬರಗುಂಡಿಗೆ ಎಸೆಯಬೇಡಿ. ಆ ಜಾಗವನ್ನು ಬೇಸಿಗೆಯಲ್ಲಿ ಅಗೆದು ಬಿಸಿಲಿಗೆ ಬಿಟ್ಟು, ಬೇವಿನ ಹಿಂಡಿ ಸೇರಿಸಿ, ಒಂದು ಹಂಗಾಮು ಚೆಂಡು ಹೂ ಬೆಳೆಯಿರಿ. ಚೆಂಡು ಹೂವಿನ ಬೇರು ಈ ಜಂತಿಗೆ ಆಗಿಬರುವುದಿಲ್ಲ.

ಮತ್ತೆ ಅಬ್ಬಲಿಗೆ ಬೇಕೆಂದರೆ ಬೀಜದಿಂದ ಶುರು ಮಾಡುವುದು ಲೇಸು, ಈ ಜಂತು ಬೀಜದಲ್ಲಿ ಬರುವುದಿಲ್ಲ. ಒಣಗಿದ ತೆನೆಗೆ ನೀರು ತಾಗಿದರೆ ಸಾಕು, ಕಾಯಿ ಚಟಚಟ ಸಿಡಿಯುತ್ತದೆ. ಆದ್ದರಿಂದ ಇಬ್ಬನಿ, ಮಳೆಗೆ ಮೊದಲೇ ತೆನೆ ಕೊಯ್ದಿಡಬೇಕು. ದಿಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಅದನ್ನು ಕಡ್ಡಿಯಿಂದಲೇ ಮಾಡಬೇಕು. ಕಡ್ಡಿಯನ್ನು ಯಾರಾದರೂ ಕೊಟ್ಟರೆ ಸಂತೋಷದಿಂದ ತನ್ನಿ, ಅವರ ಹಿತ್ತಿಲ ಮಣ್ಣನ್ನು ಮಾತ್ರ ತರಬೇಡಿ.

ಆ ಅಕ್ಕನಿಗೆ ಅವ್ವ ಒಂದು ಹಿಡಿ ಬೀಜ ಕಳಿಸಿದಳು. ಮುಂಡಗೋಡದ ತಂಗಿಯ ಗಿಡಗಳನ್ನು ನಾವೇ ಹೋಗಿ ಕಿತ್ತು ಸುಟ್ಟು ಬಂದೆವು. ದಸರೆಗೆ ಅಕ್ಕನ ಹೊಲದಲ್ಲಿ ಚೆಂಡು ಹೂ ಬಂತು, ಅಬ್ಬಲಿಗೆಯಷ್ಟು ರೇಟು ಸಿಗಲಿಲ್ಲ. ಮೊನ್ನೆ ಹಳಿಯಾಳಕ್ಕೆ ಹೋದಾಗ ಹಾಗೇ ಅವರ ಮನೆಗೂ ಹೋಗಿದ್ದೆವು. ಹೊಸ ಮಣ್ಣು ತುಂಬಿದ ಸಿಮೆಂಟ್ ಚೀಲಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಅದರಲ್ಲಿ ಗೇಣುದ್ದ ಗಿಡ, ಎರಡರಲ್ಲಿ ತೆನೆ. ಎಲೆ ಸ್ವಲ್ಪ ಹಳದಿ ಇದ್ದವು.

“ಇದು ಚಳಿದs ಹೌದಲ್ರಿ?” ಅಂದರು ಅಕ್ಕ.

ಒಂದು ಚೀಲದ ಗಿಡ ಕಿತ್ತು ನೋಡೋಣ ಎಂದೆವು.